ಸ್ಕ್ಯಾನ್ ಕ್ಲೀನ್ ಬಂದಿದೆ, ಮತ್ತೆ ಯಾಕೆ ಇಷ್ಟು ದೊಡ್ಡ ಕೀಮೋ?

ಹೆಸರು ಬರೆಯುತ್ತಿಲ್ಲ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ.

ವಯಸ್ಸು 32. ರಾಗಿ ಬೆಳೆಯುವ ರೈತ. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಲಿಂಫೋಮಾಗೆ (ದುಗ್ಧಗ್ರಂಥಿಗಳ ಕ್ಯಾನ್ಸರ್) ಆರು ಸೈಕಲ್ ಆರ್-ಚಾಪ್ ಎಂಬ ಕೀಮೋ ಮುಗಿಸಿ ಒಂದೂವರೆ ವರ್ಷ ಚೆನ್ನಾಗಿದ್ದರು. ಆಮೇಲೆ ಕತ್ತಿನಲ್ಲಿ ಮತ್ತೆ ಗಡ್ಡೆ. ಬೇರೆ ಕೀಮೋ ಕೊಟ್ಟರು, ಗಡ್ಡೆ ಕರಗಿತು, ಪೆಟ್ ಸ್ಕ್ಯಾನ್ ಕ್ಲೀನ್ ಬಂತು. ಅವರದೇ ಸ್ಟೆಮ್ ಸೆಲ್, ಅಂದರೆ ರಕ್ತ ತಯಾರಿಸುವ ಮೂಲಕಣ, ತೆಗೆದು ಫ್ರೀಜ್ ಮಾಡಿಯೂ ಆಗಿತ್ತು. ದೊಡ್ಡ ಕೀಮೋ ಕೊಟ್ಟು ಆ ಸೆಲ್ ವಾಪಸ್ ಹಾಕುವ ಕಸಿಗೆ ಅಡ್ಮಿಷನ್ ಆಗಲು ಎಂಟು ದಿನ ಇದೆ ಎನ್ನುವಾಗ "ನಾನು ಬರಲ್ಲ" ಎಂದುಬಿಟ್ಟರು. ಡಾಕ್ಟರು ಸಲಹೆಗೆಂದು ನನ್ನ ಹತ್ತಿರ ಕಳಿಸಿದರು.

ಜೊತೆಗೆ ಅಮ್ಮ, ಹೆಂಡತಿ. ಅಮ್ಮನೇ ಮಾತಾಡುತ್ತಿದ್ದರು. ಹೆಂಡತಿ ಫೈಲ್ ಮಡಿಲಲ್ಲಿಟ್ಟುಕೊಂಡು ಅದರ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

"ಮೇಡಂ, ಸೆಲ್ಲೇ ಔಷಧಿ ಅಲ್ವಾ? ಅದನ್ನೇ ಹಾಕಿಬಿಡಿ. ಸ್ಕ್ಯಾನ್ ಕ್ಲೀನ್ ಇದೆಯಲ್ಲ, ಮುಂಚೆ ಕೊಡೋ ಆ ಕೀಮೋ ಯಾಕೆ? ಅದೇ ಕೊಲ್ಲೋದಂತೆ," ಎಂದರು ಆತ.

ಈ ಪ್ರಶ್ನೆಯಲ್ಲೇ ಇಡೀ ಭಯ ಇತ್ತು. ಸೆಲ್ ಹಾಕುವ ಮುಂಚಿನ ಈ ಕೀಮೋಗೆ ಕಂಡೀಷನಿಂಗ್ ಎನ್ನುತ್ತಾರೆ, ಜನ ಅದನ್ನು ಏನೋ ಪೂರ್ವತಯಾರಿ ಎಂದುಕೊಳ್ಳುತ್ತಾರೆ, ಆ ಪದವೇ ಹಾಗಿದೆ. ಆದರೆ ಇವರ ಥರ ತಮ್ಮದೇ ಸೆಲ್ ವಾಪಸ್ ಹಾಕಿಸಿಕೊಳ್ಳುವವರಲ್ಲಿ ಕಾಯಿಲೆಗೆ ಹೊಡೆಯುವುದು ಆ ಕೀಮೋನೇ. ಸ್ಕ್ಯಾನ್‌ಗೆ ಕಾಣದಷ್ಟು ಸಣ್ಣದಾಗಿ ಉಳಿದ ಕ್ಯಾನ್ಸರ್ ಕಣಗಳನ್ನು ಮುಗಿಸಬೇಕು ಎಂದರೆ ಡೋಸ್ ಜಾಸ್ತಿ ಬೇಕು, ಅಷ್ಟು ಡೋಸ್ ಕೊಟ್ಟರೆ ಮೂಳೆಮಜ್ಜೆಯೂ ಸೋತುಹೋಗುತ್ತದೆ, ಆಗ ರಕ್ತ ಮತ್ತೆ ತಯಾರಾಗಲಿ ಎಂದು ಎತ್ತಿಟ್ಟ ಸೆಲ್ ವಾಪಸ್ ಹಾಕುತ್ತಾರೆ. ಅಷ್ಟೇ.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಗರಿಕೆ ಹಿಡಿದ ಹೊಲದ ಹಾಗೆ. ಮೇಲೆ ಕಿತ್ತರೆ ಹೋಗಲ್ಲ, ಆಳವಾಗಿ ಉಳಬೇಕು. ಬೀಜ ಮೊದಲೇ ಎತ್ತಿಟ್ಟುಕೊಂಡಿರಬೇಕು." ಅವತ್ತಿನಿಂದ ನಾನೂ ರೈತರಿಗೆ ಹೀಗೇ ಹೇಳುತ್ತೇನೆ.

ಅಪಾಯವೇ ಇಲ್ಲ ಎಂದು ನಾನು ಹೇಳಲಿಲ್ಲ. ಇದೆ. ಅವರ ಹೃದಯ, ಶ್ವಾಸಕೋಶದ ರಿಪೋರ್ಟ್ ನೋಡಿ ಎಷ್ಟು ಅಪಾಯ ಎಂದು ಡಾಕ್ಟರೇ ಹೇಳಬೇಕು, ಅವರನ್ನೇ ಕರೆಸಿದೆ. 1995ರಲ್ಲಿ ಪ್ರಕಟವಾದ ಪಾರ್ಮಾ ಎಂಬ ಅಧ್ಯಯನದ ಬಗ್ಗೆ ಅವರು ಹೇಳಿದರು. ಲಿಂಫೋಮಾ ಮರುಕಳಿಸಿ, ಕೀಮೋಗೆ ಬಗ್ಗಿದವರಲ್ಲಿ ಕಸಿ ಮಾಡಿಸಿಕೊಂಡ ಗುಂಪಿನ 46 ಶೇಕಡಾ ಜನ ಐದು ವರ್ಷಕ್ಕೆ ಕಾಯಿಲೆ ಮರಳದೆ ಇದ್ದರು, ಬರೀ ಮಾಮೂಲಿ ಕೀಮೋ ಪಡೆದವರಲ್ಲಿ 12 ಶೇಕಡಾ. ಆರ್-ಚಾಪ್‌ನಲ್ಲಿರುವ ರಿಟುಕ್ಸಿಮ್ಯಾಬ್ ಎಂಬ ಔಷಧಿ ಬರುವ ಮುಂಚಿನ ಲೆಕ್ಕ ಇದು, ಇವತ್ತಿಗೆ ಹಾಗೇ ಹೊಂದಿಸಲು ಆಗಲ್ಲ ಎಂದೂ ಸೇರಿಸಿದರು. ಆ ಪ್ರಾಮಾಣಿಕತೆಯೇ ಆತನಿಗೆ ಧೈರ್ಯ ಕೊಟ್ಟಿತು ಅನ್ನಿಸುತ್ತದೆ.

ಆಮೇಲೆ ಅಮ್ಮನನ್ನು ಬಿಲ್ಲಿಂಗ್ ಕೌಂಟರ್‌ಗೆ ಕಳಿಸಿದೆ, ಬೇಕೆಂದೇ. ಬಾಗಿಲು ಮುಚ್ಚಿದ ಕೂಡಲೇ ಹೆಂಡತಿ ಬಾಯಿ ಬಿಟ್ಟರು. "ಮಕ್ಕಳಾಗಲ್ವಂತೆ, ಹೌದಾ ಮೇಡಂ?"

ಇದನ್ನು ಯಾರೂ ಅವರ ಹತ್ತಿರ ಮಾತಾಡಿಯೇ ಇರಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ವೀರ್ಯ ಶೇಖರಿಸಿಡುವುದನ್ನು ಮೊದಲ ಕೀಮೋಗೆ ಮುಂಚೆಯೇ ಹೇಳಬೇಕಿತ್ತು. ಆದರೂ ಸುಮ್ನೆ ಕೈಚೆಲ್ಲಬೇಡಿ, ಈ ದೊಡ್ಡ ಕೀಮೋ ಆದ ಮೇಲೆ ಅವಕಾಶ ಇನ್ನೂ ಕಡಿಮೆ, ನಾಳೆಯೇ ಪರೀಕ್ಷೆ ಮಾಡಿಸಿ ಎಂದೆ. ಮಾಡಿಸಿದರು. ಸಂಖ್ಯೆ ಕಡಿಮೆ ಇತ್ತು, ಆದರೂ ಎರಡು ಸ್ಯಾಂಪಲ್ ಇಡಲು ಆಯಿತು.

ಉಳಿದ ಸಲಹೆ ದಿನದಿನದ್ದು. ಅವರದು ಬೀಮ್ ಎಂಬ ಕೀಮೋ, ಆರು ದಿನ: ಮೊದಲ ದಿನ ಕಾರ್ಮಸ್ಟೀನ್, ಆಮೇಲೆ ನಾಲ್ಕು ದಿನ ಎಟೊಪೊಸೈಡ್ ಮತ್ತು ಸೈಟರಬೀನ್, ಕೊನೆಯ ದಿನ ಮೆಲ್ಫಲಾನ್. ಮೆಲ್ಫಲಾನ್ ಹೋಗುವ ಮುಂಚಿನಿಂದ ಮುಗಿದ ಮೇಲೂ ಸ್ವಲ್ಪ ಹೊತ್ತು ಐಸ್ ಚೂರು ಬಾಯಲ್ಲಿಟ್ಟುಕೊಂಡಿರಿ, ಬಾಯಿಹುಣ್ಣು ಕಡಿಮೆಯಾಗುತ್ತದೆ ಎಂದು ಒತ್ತಿ ಹೇಳಿದೆ. ಸೆಲ್ ಹಾಕಿದ ದಿನ ರೂಮೆಲ್ಲ ಬೆಳ್ಳುಳ್ಳಿ ವಾಸನೆ ಬರುತ್ತದೆ, ಫ್ರೀಜ್ ಮಾಡಲು ಬಳಸಿದ ದ್ರವದ್ದು, ಗಾಬರಿ ಬೇಡ. ತೀರಾ ಕಷ್ಟದ ದಿನಗಳು ಬರುವುದು ಸೆಲ್ ಹಾಕಿದ ಮೇಲೆ, ರಕ್ತಕಣಗಳ ಕೌಂಟ್ ಪೂರ್ತಿ ಬಿದ್ದಾಗ: ಭೇದಿ, ಜ್ವರ, ನುಂಗಲು ಆಗದ ಗಂಟಲು. ಆಗ "ಇದು ಕೆಟ್ಟುಹೋಯಿತು" ಅಂದುಕೊಳ್ಳಬೇಡಿ, ಬಹಳಷ್ಟು ಜನರಿಗೆ ಹೀಗೇ ಆಗುತ್ತದೆ, ಸಾಮಾನ್ಯವಾಗಿ ಹತ್ತು ಹದಿನಾಲ್ಕು ದಿನಕ್ಕೆ ಕೌಂಟ್ ಏರಲು ಶುರು.

ಅಮ್ಮನಿಗೆ ಮಾತ್ರ ಮನೆ ಊಟ ಬೇಡ ಎಂದಾಗ ಕಣ್ಣು ತುಂಬಿತು. ನರ್ಸ್ ಹತ್ತಿರ ಕೇಳಿ, ಆಸ್ಪತ್ರೆ ಅಡುಗೆಮನೆಯಿಂದಲೇ ಬರುವ ಬಿಸಿ ರಾಗಿ ಗಂಜಿಯನ್ನು ಅವರೇ ಚಮಚದಲ್ಲಿ ಕುಡಿಸಲು ಒಪ್ಪಿಗೆ ಪಡೆದೆವು, ಮಾಸ್ಕ್ ಹಾಕಿ, ಕೈ ತೊಳೆದು.

ಕೌಂಟ್ ಹನ್ನೆರಡನೇ ದಿನ ಬಂತು. ಮನೆಗೆ ಹೊರಡುವಾಗ ಎರಡು ಮಾತು ಬರೆದುಕೊಟ್ಟೆ. ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಮಧ್ಯರಾತ್ರಿಯಾದರೂ ಫೋನ್ ಮಾಡಿ. ಎಷ್ಟೋ ವಾರ, ತಿಂಗಳು ಕಳೆದ ಮೇಲೆ ಒಣಕೆಮ್ಮು, ಏದುಸಿರು ಬಂದರೂ ತಿಳಿಸಿ, ಕಾರ್ಮಸ್ಟೀನ್ ಶ್ವಾಸಕೋಶಕ್ಕೆ ತಡವಾಗಿ ತೊಂದರೆ ಕೊಡಬಹುದು.

ಆತ ಕೇಳಿದ್ದು ಬೇರೆ, ಬಿತ್ತನೆಗೆ ಹೊಲಕ್ಕೆ ಇಳಿಯಬಹುದಾ ಎಂದು. ಮಣ್ಣು, ಗೊಬ್ಬರದ ಧೂಳಿನಿಂದ ಫಂಗಸ್ ಸೋಂಕು ತಗಲಬಹುದು, ಈ ಮಳೆಗಾಲ ಬೇಡ ಎಂದರು ಡಾಕ್ಟರು. "ಹಂಗಾದ್ರೆ ಈ ಸಲ ನಾನೇ ಬಿತ್ತಿಸ್ತೀನಿ," ಎಂದರು ಹೆಂಡತಿ.