ಗುದ್ದಲಿ ಕೊಟ್ಟರೆ ನೆಂಟನಿಗೆ ಅವಮಾನವೇ?

ಪ್ರಶ್ನೆ: ಟಾಂಜಾನಿಯದ ದಾರ್ ಎಸ್ ಸಲಾಮ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗ ರಜೆಯಲ್ಲಿ ಬಂದಿದ್ದಾಗ ಅಲ್ಲಿನ ಸ್ವಾಹಿಲಿ ಭಾಷೆಯ ಕೆಲವು ಗಾದೆಗಳನ್ನು ಹೇಳಿದ. ಹೆಚ್ಚಿನವು ನಮ್ಮವೇ ಎನ್ನುವಂತಿದ್ದವು. ಆದರೆ ‘ನೆಂಟ ಎರಡು ದಿನ, ಮೂರನೆಯ ದಿನ ಗುದ್ದಲಿ ಕೊಡು’ ಎಂಬುದು ನನಗೆ ಒರಟಾಗಿ ಕಂಡಿತು. ಇದರಲ್ಲಿ ಯಾವ ವಿವೇಕವಿದೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಹೋಲಿಕೆಯ ಮಾತನ್ನು ಮೊದಲು ಮುಗಿಸೋಣ. ‘ಹಾಬ ನ ಹಾಬ ಹುಜಾಝ ಕಿಬಾಬ’ ಎಂದರೆ ಚೂರು ಚೂರೇ ಸೇರಿ ಕಿಬಾಬ ತುಂಬುತ್ತದೆ ಎಂದು. ಕಿಬಾಬವು ಪಾವು, ಸೇರುಗಳಂತೆ ಧಾನ್ಯ ಅಳೆಯುವ ಮಾನ. ‘ತೆನೆ ತೆನೆ ಕೂಡಿದರೆ ಬಳ್ಳ’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆನೆಗಳು ಕಾದಾಡಿದರೆ ನೋಯುವುದು ಹುಲ್ಲು ಎಂಬ ಅವರ ಮಾತಿಗೂ ‘ಕೋಣಗಳೆರಡುಂ ಹೋರೆ ಗಿಡುವಿಂಗೆ ಮಿತ್ತು’ ಎಂಬ ನಮ್ಮ ಹಳೆಯ ಮಾತಿಗೂ ಅಂತರ ಅಷ್ಟಕ್ಕಷ್ಟೇ. ಯಾರಿಂದ ಯಾರು ಕಲಿತರೆಂದು ಹುಡುಕುತ್ತ ಹೋಗುವುದರಲ್ಲಿ ನನಗೆ ಆಸಕ್ತಿಯಿಲ್ಲ.

ಬಂದವರಿಗೆ ಬೆಲ್ಲ, ನೀರು ಕೊಟ್ಟು ‘ಆಸರಿಗೆ ಏನಾಗಬೇಕು’ ಎಂದು ವಿಚಾರಿಸುವ ಊರಿನವರಾದ ನಿಮಗೆ ಗುದ್ದಲಿಯ ಗಾದೆ ಒರಟೆನಿಸಿದ್ದು ಸಹಜ. ಟಾಂಗನ್ಯೀಕದ (ಈಗಿನ ಟಾಂಜಾನಿಯದ ಮುಖ್ಯ ಭೂಭಾಗ) ನಾಯಕ ಜೂಲಿಯಸ್ ನ್ಯೆರೆರೆ 1962ರಲ್ಲಿ ‘ಉಜಮಾ’, ಅಂದರೆ ಒಂದೇ ಕುಟುಂಬದಂತೆ ಕೂಡಿ ಬಾಳುವ ತತ್ತ್ವವನ್ನು ವಿವರಿಸಿ ಬರೆದಾಗ ಇದೇ ಗಾದೆಯನ್ನು ಎತ್ತಿಕೊಂಡು, ದುಡಿಯದೆ ಉಣ್ಣುವವರಿಗೆ ಹಳೆಯ ಆಫ್ರಿಕನ್ ಸಮಾಜದಲ್ಲಿ ಎಡೆಯಿರಲಿಲ್ಲ ಎಂದು ವಾದಿಸಿದರು. ಮನೆಯವರು ಕೊಡುವ ಮೊದಲೇ ನೆಂಟನೇ ಗುದ್ದಲಿ ಕೇಳುತ್ತಿದ್ದನೆಂದೂ ಸೇರಿಸಿದರು. ನಮ್ಮಲ್ಲಿ ಅಡಕೆ ಸುಲಿಯುವ ದಿನಗಳಲ್ಲಿ ಬಂದುಳಿದ ಭಾವ, ಯಾರೂ ಕರೆಯದಿದ್ದರೂ ಕತ್ತಿಯ ಮುಂದೆ ಕೂತು ರಾಶಿಗೆ ಕೈಹಾಕುವುದಿಲ್ಲವೇ? ಗುದ್ದಲಿ ಸಿಕ್ಕಿದವನು ಹೊರಗಿನವನಾಗಿ ಉಳಿಯುವುದಿಲ್ಲ. ಅವನಿಗೆ ಆ ಮನೆಯ ಅನ್ನದ ಮೇಲೆ ಹಕ್ಕು ಬರುತ್ತದೆ. ಆದರೆ ಹದಿನೈದು ದಿನ ಜಗಲಿ ಬಿಡದೆ ಕೂತವನಿಗೆ ಕೇಳುವಂತೆ ಅಂದರೆ ಅದೇ ಗಾದೆ ಚುಚ್ಚುಮಾತಾಗುತ್ತದೆ, ಆದ್ದರಿಂದ ನಿಮ್ಮ ಅನಿಸಿಕೆಯನ್ನು ಪೂರ್ತಿ ತಳ್ಳಿಹಾಕಲಾರೆ.

ಗಾದೆಗೆ ಸಂದರ್ಭವೇ ಮುಖ್ಯ ಎಂಬುದು ಸ್ವಾಹಿಲಿಯವರಿಗೆ ಚೆನ್ನಾಗಿ ಗೊತ್ತು. ‘ಹರಾಕ ಹರಾಕ ಹೈನ ಬರಾಕ’, ಅಂದರೆ ಅವಸರಕ್ಕೆ ಬರಕತ್ತಿಲ್ಲ ಎನ್ನುವವರೇ, ಕಾಯುತ್ತ ಕಾಯುತ್ತ ಹೊಟ್ಟೆ ನೋವು ಬರುತ್ತದೆ ಎಂದೂ ಹೇಳುತ್ತಾರೆ. ಅಲ್ಲಿನ ಹೆಂಗಸರು ಉಡುವ ಕಾಂಗ ಎಂಬ ಹತ್ತಿಬಟ್ಟೆಯಲ್ಲಿ ಅಗಲವಾದ ಅಂಚಿನೊಳಗೆ, ಕೆಳಭಾಗದ ನಡುವೆ, ಗಾದೆಯದೋ ಒಗಟಿನದೋ ಒಂದು ಸಾಲನ್ನು ಅಚ್ಚು ಹಾಕಿರುತ್ತಾರೆ. ಹಿಂದೆ ಅರಬ್ಬಿ ಲಿಪಿಯಲ್ಲಿದ್ದ ಆ ಸಾಲು ಈಗ ರೋಮನ್ ಲಿಪಿಯಲ್ಲಿರುತ್ತದೆ. ಸವತಿಗೋ ನೆರೆಮನೆಯವಳಿಗೋ ಬಾಯಿಬಿಟ್ಟು ಹೇಳಲಾಗದ್ದನ್ನು ಅಂಥ ಬಟ್ಟೆಯುಟ್ಟು ಅವಳೆದುರು ಸುಳಿದೇ ಮುಟ್ಟಿಸಬಹುದು. ಆಡಿದಳೆಂದು ಯಾರೂ ದೂರುವಂತಿಲ್ಲ.

ನಿಮ್ಮ ತಮ್ಮನ ಮಗ ಮುಂದಿನ ಸಲ ಮನೆಯ ಹೆಂಗಸರಿಗೆಂದು ಕಾಂಗ ತಂದರೆ, ಯಾರಿಗೆ ಯಾವುದೆಂದು ಹಂಚುವ ಮೊದಲು ಆ ಸಾಲುಗಳನ್ನು ಅವನಿಂದ ಓದಿಸಿಕೊಳ್ಳಿ.