ಬಾಣಂತನದ ನಡುವೆ ಬಿದ್ದ ತಾರೀಖು

(ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ತಾಯಿಗೆ 24 ವರ್ಷ, ಚೊಚ್ಚಲ ಹೆರಿಗೆ. ಗಂಡನ ಮನೆ ಹುಬ್ಬಳ್ಳಿ, ತವರು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿ. ಬಿಪಿ ಏರಿದ್ದರಿಂದ 32 ವಾರಕ್ಕೇ ಸಿಸೇರಿಯನ್ ಮಾಡಬೇಕಾಯಿತು. ಹೆಣ್ಣು ಕೂಸು, ಹುಟ್ಟಿದಾಗ ತೂಕ 1,650 ಗ್ರಾಂ. ಹದಿನಾರು ದಿನ ಎನ್‌ಐಸಿಯುನಲ್ಲಿತ್ತು (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಅದರಲ್ಲಿ ಮೊದಲ ಐದು ದಿನ ಆಕ್ಸಿಜನ್ ಮೇಲೆ. ಮನೆಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ‘ಆರ್‌ಒಪಿ ಸ್ಕ್ರೀನಿಂಗ್’ (ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಕಣ್ಣಿನ ಹಿಂಪರದೆಯ ತಪಾಸಣೆ) ಎಂದು ಬರೆದು ತಾರೀಖು ಹಾಕಿದ್ದರು. ಅದು ಕೂಸಿನ 28ನೇ ದಿನ. ತಂದೆ ನಮ್ಮ ಬಳಿ ಸಲಹೆ ಕೇಳಿಕೊಂಡು ಬಂದದ್ದು 24ನೇ ದಿನ.

“ನಮ್ಮ ಅತ್ತಿಯವರು ಕೂಸನ್ನ ಹೊರಗ ಬಿಡವಲ್ರು ನೋಡ್ರಿ. ತಿಂಗಳ ಆಗಿಲ್ಲ, ಗಾಳಿ ಹತ್ತತೈತಿ ಅಂತಾರ. ಕಣ್ಣು ಛಲೋ ಪಿಳಿಪಿಳಿ ಬಿಡ್ತಾಳ, ಏನ್ ತೋರಸ್ತೀರಿ ಅಂತಾರ. ಮಾತ ಬರಲಾರದ ಕೂಸಿನ ಕಣ್ಣ ಹ್ಯಾಂಗ ಟೆಸ್ಟ್ ಮಾಡ್ತಾರ ಅಂತ ಕೇಳಿದ್ರ ನನಗೂ ಹೇಳಾಕ ಬರಲಿಲ್ಲ. ಇಕಿ ಫೋನ್ ಮಾಡಿದ್ರ ಬರೇ ಅಳ್ತಾಳ.”

ಮೇಲ್ನೋಟಕ್ಕೆ ಇದು ಅಳಿಯ-ಅತ್ತೆಯ ಜಗಳ. ಒಳಗೆ ನೋಡಿದರೆ ಅಜ್ಜಿಯ ಹೆದರಿಕೆಗೂ ಕಾರಣವಿತ್ತು. ಎರಡು ಕಿಲೋ ತುಂಬದ ಕೂಸಿಗೆ ಥಂಡಿಯೂ ಸೋಂಕೂ ನಿಜಕ್ಕೂ ಅಪಾಯವೇ. ಆದ್ದರಿಂದ ಆಕೆಯನ್ನು ಮೂಢನಂಬಿಕೆಯವಳು ಎಂದು ಬದಿಗಿಡುವ ಸಲಹೆ ಕೊಡಲಿಲ್ಲ. ಮನೆಯ ತಕರಾರುಗಳನ್ನು ಎರಡು ಗುಂಪು ಮಾಡಿಕೊಳ್ಳಿ ಎಂದು ತಂದೆಗೆ ಹೇಳಿದೆವು: ತಾರೀಖು ಇರುವಂಥವು, ತಾರೀಖು ಇಲ್ಲದಂಥವು. ಎಷ್ಟು ದಿನ ಎರೆಯಬೇಕು, ಬಾಣಂತಿ ಏನು ಉಣ್ಣಬೇಕು, ತೊಟ್ಟಿಲ ಕಾರ್ಯ ಯಾವಾಗ, ಇವಕ್ಕೆಲ್ಲ ತಾರೀಖಿಲ್ಲ. ಅಜ್ಜಿ ಹೇಳಿದಂತೆ ಆಗಲಿ. ಕಣ್ಣಿನ ತಪಾಸಣೆಗೆ ಇದೆ, ಅದೊಂದಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲಿ. ಎಲ್ಲದಕ್ಕೂ ವಾದ ಹಾಕಿದ ಅಳಿಯನ ಮಾತು ಇದಕ್ಕೂ ನಡೆಯುವುದಿಲ್ಲ.

ಈ ತಾರೀಖು ಎಲ್ಲಿಂದ ಬಂತು ಎಂಬುದನ್ನು ಮಾರನೇ ದಿನ ಫೋನಿನಲ್ಲಿ ಅಜ್ಜಿಗೇ ವಿವರಿಸಲಾಯಿತು. ಕಣ್ಣಿನ ಹಿಂಪರದೆಗೆ, ಅಂದರೆ ರೆಟಿನಾಕ್ಕೆ, ರಕ್ತನಾಳಗಳು ಬೆಳೆಯಲು ಶುರುವಾಗುವುದು ಬಸಿರಿನ ಸುಮಾರು 16ನೇ ವಾರಕ್ಕೆ. ನಡುವಿನಿಂದ ಹೊರಟು ಮೂಗಿನ ಕಡೆಯ ಅಂಚು ಮುಟ್ಟುವುದು 36ನೇ ವಾರದ ಹೊತ್ತಿಗೆ, ಕಿವಿಯ ಕಡೆಯ ಅಂಚು ಮುಟ್ಟುವುದು 40ರ ಹೊತ್ತಿಗೆ. 32 ವಾರಕ್ಕೆ ಹುಟ್ಟಿದ ಕೂಸಿನಲ್ಲಿ ಆ ಅಂಚು ಇನ್ನೂ ಬರಿದಾಗಿರುತ್ತದೆ. ಮಿಕ್ಕ ಬೆಳವಣಿಗೆ ಹೊರಗೆ ಆಗಬೇಕು. ಬಹಳ ಕೂಸುಗಳಲ್ಲಿ ಅದು ತಾನಾಗಿ ಸರಿಹೋಗುತ್ತದೆ. ಕೆಲವರಲ್ಲಿ ನಾಳಗಳು ಅಡ್ಡಾದಿಡ್ಡಿ ಚಿಗುರಿ, ರೆಟಿನಾವನ್ನು ಎಳೆದು ಕಿತ್ತುಬಿಡುತ್ತವೆ. ಇದಕ್ಕೇ ಆರ್‌ಒಪಿ ಎನ್ನುವುದು.

ಹೊರಗಿನಿಂದ ಇದರ ಒಂದು ಗುರುತೂ ಕಾಣುವುದಿಲ್ಲ. ಕಣ್ಣು ಕೆಂಪಾಗದು, ನೀರು ಬಾರದು, ಕೂಸು ಎಂದಿನಂತೆ ಮೊಲೆ ಕುಡಿಯುತ್ತಿರುತ್ತದೆ. ಕಣ್ಣಿನ ಪಾಪೆಯಲ್ಲಿ ಬಿಳುಪು ಕಂಡು ಮನೆಯವರು ಓಡಿಬರುವ ಹೊತ್ತಿಗೆ ಪರದೆ ಕಿತ್ತಿರುತ್ತದೆ. ಆಮೇಲೆ ಮಾಡುವ ಶಸ್ತ್ರಚಿಕಿತ್ಸೆಯಿಂದ ಉಪಯೋಗಕ್ಕೆ ಬರುವಷ್ಟು ದೃಷ್ಟಿ ಸಿಗುವುದು ಅಪರೂಪ. ಅದಕ್ಕೇ ನಮ್ಮ ದೇಶದ ನಿಯಮ ಹೀಗಿದೆ: 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಪ್ರತಿ ಕೂಸಿಗೂ ಹುಟ್ಟಿದ 30 ದಿನದೊಳಗೆ ಮೊದಲ ತಪಾಸಣೆ. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆಯಿದ್ದರೆ ಇನ್ನೂ ಬೇಗ, 20ನೇ ದಿನದ ಸುಮಾರಿಗೆ. ಚಿಕಿತ್ಸೆ ಬೇಕೆಂದಾದರೆ 48ರಿಂದ 72 ತಾಸಿನೊಳಗೆ ಲೇಸರ್ ಅಥವಾ ಕಣ್ಣಿನೊಳಗಿನ ಇಂಜೆಕ್ಷನ್ ಆಗಬೇಕು.

ನಮ್ಮ ಭಾಗದಲ್ಲಿ ಈ ತಪಾಸಣೆ ತಪ್ಪುವುದಕ್ಕೆ ದೊಡ್ಡ ಕಾರಣ ಅಸಡ್ಡೆಯಲ್ಲ, ಪಂಚಾಂಗ. ಮೂವತ್ತನೇ ದಿನ ಸರಿಯಾಗಿ ಬಾಣಂತನದ ಒಳಗೇ ಬೀಳುತ್ತದೆ. ಆ ಹೊತ್ತಿಗೆ ಕೂಸು ಹೆರಿಗೆಯಾದ ಊರಿನಲ್ಲಿರುವುದಿಲ್ಲ, ತವರಿನಲ್ಲಿರುತ್ತದೆ. ಚೀಟಿ ಗಂಡನ ಮನೆಯ ಕಪಾಟಿನಲ್ಲಿರುತ್ತದೆ.

ಅಜ್ಜಿಯನ್ನು ಒಪ್ಪಿಸಿದ್ದು ಒಂದೇ ಮಾತು: “ಅಮ್ಮಾ, ಕೂಸು ಹುಟ್ಟಬೇಕಾಗಿದ್ದ ದಿನ ಇನ್ನೂ ಬಂದಿಲ್ರಿ. ಇನ್ನೊಂದು ತಿಂಗಳ ಐತಿ. ಹೊಟ್ಟ್ಯಾಗ ಆಗಬೇಕಾಗಿದ್ದ ಕೆಲಸ ಈಗ ಹೊರಗ ನಡದೈತಿ. ಅದು ಸರಿ ನಡದೈತೇನು ಅಂತ ನೋಡಾಕ ಕರದಾರ.” ಆಕೆ ಸ್ವಲ್ಪ ಹೊತ್ತು ಬಿಟ್ಟು, “ಹಂಗಾರ ನಾನೂ ಬರ್ತೀನ್ರಿ” ಅಂದರು. ಬರಲೇಬೇಕಿತ್ತು. ಆ ದಿನ ಕೂಸನ್ನು ಹಿಡಿಯಲು ಅನುಭವವಿರುವ ಕೈ ಬೇಕು.

ಹೋಗುವ ದಿನಕ್ಕೆ ಕೊಟ್ಟ ಸೂಚನೆಗಳಿವು. ಮೊದಲು ಫೋನ್ ಮಾಡಿ, ಆರ್‌ಒಪಿ ನೋಡುವ ವೈದ್ಯರು ಯಾವ ವಾರ, ಎಷ್ಟು ಹೊತ್ತಿಗೆ ಸಿಗುತ್ತಾರೆಂದು ಕೇಳಿಕೊಳ್ಳಬೇಕು. ಎಲ್ಲ ಕಣ್ಣಿನ ದವಾಖಾನೆಯಲ್ಲೂ ಇದನ್ನು ನೋಡುವುದಿಲ್ಲ, ಚಸ್ಮಾ ಅಂಗಡಿಯಲ್ಲಂತೂ ಆಗದ ಮಾತು. ದಾರಿ ಗೊತ್ತಾಗದಿದ್ದರೆ ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಮಕ್ಕಳ ಆರೋಗ್ಯ ತಪಾಸಣೆಗೆಂದು ಸರ್ಕಾರ 2013ರಲ್ಲಿ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಆರ್‌ಒಪಿಯೂ ಹುಟ್ಟು ಪೊರೆಯೂ ಇವೆ. ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂಬ ತಂದೆಯ ಆತಂಕಕ್ಕೂ ಉತ್ತರವಿತ್ತು: 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಬೆಂಗಳೂರಿನ ಹೊರಗಿನ ಎನ್‌ಐಸಿಯುಗಳಿಗೆ ಹೋಗಿ ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ನೋಡುವ ರೂಢಿ ಬಂದಿದೆ.

ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಎರಡೂ ಜೊತೆಗಿರಲಿ. ಬಸ್ಸು ಬೇಡ. ಕೂಸಿಗೆ ಕುಂಚಿಗಿ, ಕಾಲುಚೀಲ ಹಾಕಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಮೇಲೆ ದುಪಟಿ ಹೊದ್ದರೆ ಥಂಡಿಯ ಚಿಂತೆ ಬಹುಮಟ್ಟಿಗೆ ಹೋಗುತ್ತದೆ. ಪಾಪೆ ಹಿಗ್ಗಲು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಸಲ ಹನಿ ಹಾಕುತ್ತಾರೆ, ಅದಕ್ಕೇ ಸುಮಾರು ಒಂದು ತಾಸು ಹಿಡಿಯುತ್ತದೆ. ಹಾಲು ತಪಾಸಣೆಗೆ ಒಂದು ತಾಸು ಮೊದಲೇ ಕುಡಿಸಿರಬೇಕು. ಹೊಟ್ಟೆ ತುಂಬ ಕುಡಿದ ಕೂಸನ್ನು ತಕ್ಷಣ ಮಲಗಿಸಿ ಕಣ್ಣು ತೆರೆದರೆ ಕಕ್ಕಿಕೊಂಡು ಉಸಿರಿಗೆ ಸಿಗಿಸಿಕೊಳ್ಳುತ್ತದೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನೋವು ತಿಳಿಯದ ಹನಿ ಹಾಕಿ, ರೆಪ್ಪೆ ಬಿಡಿಸಿಡಲು ಸಣ್ಣ ತಂತಿಯ ಹಿಡಿಕೆ ಇಡುತ್ತಾರೆ. ನೋಡುವವರಿಗೆ ಕರುಳು ಚುರ್ ಎನ್ನುತ್ತದೆ, ಕೂಸು ಜೋರಾಗಿ ಅಳುತ್ತದೆ, ಕೆಲವೇ ನಿಮಿಷದ ಕೆಲಸ. ಇದನ್ನು ಮುಂಚೆಯೇ ಹೇಳದಿದ್ದರೆ ಎರಡನೇ ತಪಾಸಣೆಗೆ ಯಾರೂ ಬರುವುದಿಲ್ಲ. ಸಂಜೆಯವರೆಗೆ ರೆಪ್ಪೆ ಸ್ವಲ್ಪ ಊದಿ ಕೆಂಪಾಗಿರಬಹುದು.

ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ‘ನಾಳ ಇನ್ನೂ ಪೂರ್ತಿ ಬೆಳೆದಿಲ್ಲ, ಎರಡು ವಾರ ಬಿಟ್ಟು ಬನ್ನಿ’ ಎಂದರೆ ಅದು ‘ಏನೂ ತೊಂದರೆಯಿಲ್ಲ’ ಎಂಬ ಉತ್ತರವಲ್ಲ. ಮನೆಗಳಲ್ಲಿ ಇದನ್ನು ಹಾಗೇ ತಿಳಿದು ಬಿಟ್ಟುಬಿಡುವುದು ಬಹಳ. ‘ನಾಳಗಳು ಅಂಚು ಮುಟ್ಟಿವೆ’ ಎಂದು ಬರೆದು ಕೊಡುವವರೆಗೂ ಹೋಗುತ್ತಲೇ ಇರಬೇಕು.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂತು: ಕೂಸಿನ ಎಡಗಣ್ಣಿಗೆ ನಾಲ್ಕು ದಿನದಿಂದ ಪಿಸುರು ಕಟ್ಟುತ್ತಿತ್ತು, ಅಜ್ಜಿ ಹರಳೆಣ್ಣೆ ದೀಪದ ಕಾಡಿಗಿ ಹಚ್ಚುತ್ತಿದ್ದರು. ಮೊದಲ 28 ದಿನದೊಳಗೆ ಕಣ್ಣಿಗೆ ಪಿಸುರು ಬಂದರೆ ಅದನ್ನು ಸೋಂಕೆಂದೇ ಎಣಿಸಿ ವೈದ್ಯರಿಗೆ ತೋರಿಸಬೇಕು. ಬರೀ ನೀರು ಸೋರುವುದು ಬೇರೆ. ಅದು ಹೆಚ್ಚಾಗಿ ಕಣ್ಣೀರಿನ ನಾಳ ಪೂರ್ತಿ ತೆರೆದಿಲ್ಲದ್ದರಿಂದ, ವರ್ಷ ತುಂಬುವುದರೊಳಗೆ ಬಹುಪಾಲು ಸರಿಹೋಗುತ್ತದೆ. ವೈದ್ಯರು ಹೇಳಿದರೆ ಉಗುರು ಕತ್ತರಿಸಿದ, ತೊಳೆದ ಕಿರುಬೆರಳಿನಿಂದ ಕಣ್ಣಿನ ಒಳಮೂಲೆಯ ಮೇಲೆ ಒತ್ತಿ, ಮೂಗಿನ ಪಕ್ಕ ಕೆಳಮುಖವಾಗಿ ಐದರಿಂದ ಹತ್ತು ಸಲ ಉಜ್ಜಬೇಕು, ದಿನಕ್ಕೆ ಮೂರು ನಾಲ್ಕು ಬಾರಿ. ಆದರೆ ನೀರು ಸೋರುವುದರ ಜೊತೆ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಕರಿಗುಡ್ಡೆ ಮಸುಕಾಗುವುದು, ಕಣ್ಣು ದಿನದಿನಕ್ಕೆ ದೊಡ್ಡದಾಗುವುದು ಕಂಡರೆ ಅದು ಕಣ್ಣಿನ ಒತ್ತಡ ಏರುವ ಕಾಯಿಲೆ ಇರಬಹುದು, ಅವತ್ತೇ ಹೋಗಬೇಕು. ‘ಏನ್ ದೊಡ್ಡ ದೊಡ್ಡ ಕಣ್ಣವಾ’ ಎಂದು ಮೆಚ್ಚುತ್ತ ಕೂತು ಕಣ್ಣು ಕಳೆದುಕೊಂಡ ಕೂಸುಗಳಿವೆ.

ಕಾಡಿಗಿಗೆ ಬೇಡ ಎಂದಷ್ಟೇ ಹೇಳಿದರೆ ನಡೆಯುವುದಿಲ್ಲ. ಮಸಿ, ಎಣ್ಣೆ, ಬೆರಳಿನ ಕೊಳೆ ಸೇರಿ ನಾಳ ಮುಚ್ಚುತ್ತದೆ, ಸೋಂಕು ಹತ್ತುತ್ತದೆ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟು ಅಂಗಾಲಿಗೆ ಇಡಿ, ಮೇಲೆ ಕಾಲುಚೀಲ ಹಾಕಿ ಎಂದಾಗ ಅಜ್ಜಿ ಒಪ್ಪಿದರು. ಎರೆದ ಮೇಲೆ ಹಿಡಿಯುವ ಲೋಬಾನದ ಹೊಗೆಯನ್ನೂ, ಕಣ್ಣಿಗೆ ಬಿಡುವ ಎದೆಹಾಲನ್ನೂ ನಿಲ್ಲಿಸಿದರು.

ಇನ್ನು ತಾಯಿ. “ನನ್ನ ಹೊಟ್ಟ್ಯಾಗ ನಿಲ್ಲಲಿಲ್ಲ, ಅದಕ್ಕ ಹಿಂಗಾತು” ಎಂಬ ಒಂದೇ ಮಾತು. ಬಿಪಿ ಏರಿದಾಗ ಬೇಗ ಹೆರಿಗೆ ಮಾಡಿಸಿದ್ದು ಇಬ್ಬರ ಜೀವ ಉಳಿಸಲು, ಆಕೆ ಮಾಡಿದ್ದು ಬಿಟ್ಟದ್ದು ಯಾವುದರಿಂದಲೂ ಅಲ್ಲ ಎಂಬುದನ್ನು ಆಕೆಯ ಅವ್ವನೂ ಕೇಳುವಂತೆ ಸ್ಪೀಕರ್ ಹಾಕಿಸಿ ಹೇಳಲಾಯಿತು. ಎರಡು ವಾರ ಬಿಟ್ಟರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅದನ್ನು ಬೇರೆಯಾಗಿಯೇ ತೋರಿಸಬೇಕು ಎಂದೂ ತಿಳಿಸಿದೆವು. ಆ ಅಗತ್ಯ ಬರಲಿಲ್ಲ.

28ನೇ ದಿನ ಹೋದರು. ಪಿಸುರಿಗೆ ಹನಿ ಕೊಟ್ಟರು, ನಾಲ್ಕೇ ದಿನಕ್ಕೆ ಹೋಯಿತು. ನಾಳಗಳು ಅಪೂರ್ಣ, ಎರಡನೇ ಸಲ ಮೊದಲ ಹಂತದ ಆರ್‌ಒಪಿ, ಚಿಕಿತ್ಸೆ ಬೇಕಾಗಲಿಲ್ಲ, ನಂತರದ ಭೇಟಿಗಳಲ್ಲಿ ತಾನಾಗಿ ಇಳಿದು ನಾಳಗಳು ಅಂಚು ಮುಟ್ಟಿದವು.

ಕೂಸಿಗೆ ಏಳು ತಿಂಗಳಾದಾಗ ಎರಡನೇ ಸುತ್ತು. ಈ ಸಲ ತಾಯಿಯೇ ಕರೆ ಮಾಡಿದ್ದರು: ಎಡಗಣ್ಣು ಮೂಗಿನ ಕಡೆ ಸರಿಯುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಲೆಕ್ಕದಲ್ಲಿ ಎಂಟು ವಾರ ಕಳೆಯಬೇಕು. ಅಂದರೆ ಇದು ಐದು ತಿಂಗಳ ಕೂಸು. ಮೊದಲ ಎರಡು ಮೂರು ತಿಂಗಳು ಕಣ್ಣು ಆಗೀಗ ಅತ್ತಿತ್ತ ಸರಿಯುವುದು ಸಹಜ. ಆರೆಂಟು ವಾರಕ್ಕೆ ಮುಖ ನೋಡಿ ನಗಬೇಕು, ಮೂರು ತಿಂಗಳಿಗೆ ಎದುರಿನ ಮುಖ ಸರಿದತ್ತ ಕಣ್ಣು ತಿರುಗಬೇಕು, ನಾಲ್ಕೈದಕ್ಕೆ ಕಂಡದ್ದಕ್ಕೆ ಕೈ ಚಾಚಬೇಕು. ನಾಲ್ಕು ತಿಂಗಳ ನಂತರವೂ ಸರಿಯುವ ಕಣ್ಣನ್ನು, ಯಾವ ವಯಸ್ಸಿನಲ್ಲೇ ಆಗಲಿ ಸದಾ ಓರೆಯಾಗಿರುವ ಕಣ್ಣನ್ನು ತೋರಿಸಲೇಬೇಕು. ಮೂಗಿನ ಬುಡ ಅಗಲವಿದ್ದರೆ ಕಣ್ಣು ನೆಟ್ಟಗಿದ್ದರೂ ಓರೆ ಕಾಣುತ್ತದೆ. ಫ್ಲ್ಯಾಶ್ ಹಾಕಿ ಎದುರಿನಿಂದ ಫೋಟೋ ತೆಗೆದು, ಬೆಳಕಿನ ಚುಕ್ಕೆ ಎರಡೂ ಪಾಪೆಯಲ್ಲಿ ಒಂದೇ ಜಾಗದಲ್ಲಿದೆಯೇ ನೋಡಲು ಹೇಳಿದೆವು. ಎಡಗಣ್ಣಿನಲ್ಲಿ ಚುಕ್ಕೆ ಹೊರಕ್ಕೆ ಬಿದ್ದಿತ್ತು. (ಇಂಥ ಫೋಟೋಗಳಲ್ಲಿ ಒಂದು ಪಾಪೆ ಮತ್ತೆ ಮತ್ತೆ ಬೆಳ್ಳಗೆ ಹೊಳೆದರೆ ಒಂದು ದಿನವೂ ಕಾಯಬಾರದು, ಪೊರೆ ಅಥವಾ ಕಣ್ಣಿನ ಗಡ್ಡೆ ಇರಬಹುದು.)

“ಮೆಳ್ಳಗಣ್ಣು ಅದೃಷ್ಟರೀ” ಎಂದರು ಅಜ್ಜಿ. ಆದರೂ ಈ ಸಲ ತಡೆಯಲಿಲ್ಲ.

ಮಾತು ಬಾರದ ಕೂಸಿನ ನಂಬರು ತೆಗೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೂಸು ಏನೂ ಹೇಳಬೇಕಿಲ್ಲ. ವೈದ್ಯರು ಪಾಪೆಯೊಳಗೆ ಬೆಳಕಿನ ಗೆರೆ ಆಡಿಸಿ, ಮರಳಿ ಬರುವ ಹೊಳಪು ಯಾವ ಕಡೆ ಚಲಿಸುತ್ತದೆಂದು ನೋಡುತ್ತ ಮಸೂರ ಬದಲಿಸುತ್ತಾರೆ. ಚಲನೆ ನಿಂತ ಮಸೂರದಿಂದ ನಂಬರು ಸಿಗುತ್ತದೆ. ಕೂಸಿನ ಕಣ್ಣು ಹತ್ತಿರಕ್ಕೆ ಹೊಂದಿಸಿಕೊಳ್ಳುವ ಶಕ್ತಿ ಬಹಳ, ಅದನ್ನು ತಡೆಯದಿದ್ದರೆ ನಂಬರು ತಪ್ಪುತ್ತದೆ. ಅದಕ್ಕೇ ಮೂರು ದಿನ ದಿನಕ್ಕೆರಡು ಸಲ ಅಟ್ರೋಪಿನ್ ಮುಲಾಮು ಕೊಟ್ಟರು. ಅಕ್ಕಿ ಕಾಳಿನಷ್ಟು, ಕೆಳರೆಪ್ಪೆಯ ಒಳಗೆ. ಹಚ್ಚಿ ಒಳಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿದು, ಹೆಚ್ಚಾದದ್ದನ್ನು ಒರೆಸಿ, ಕೈ ತೊಳೆಯಬೇಕು. ಮುಖ ಕೆಂಪೇರಿ ಮೈ ಬಿಸಿಯಾದರೆ ನಿಲ್ಲಿಸಿ ಫೋನ್ ಮಾಡಬೇಕು. ಟ್ಯೂಬು ಕೂಸಿನ ಬಾಯಿಗೆ ಹೋದರೆ ವಿಷ. ಪಾಪೆ ಒಂದೆರಡು ವಾರ ದೊಡ್ಡದಾಗಿಯೇ ಇರುತ್ತದೆ, ಬಿಸಿಲಿಗೆ ಟೊಪ್ಪಿಗೆ ಹಾಕಿದರೆ ಸಾಕು.

ಬಲಗಣ್ಣು ಪ್ಲಸ್ 2, ಈ ವಯಸ್ಸಿಗೆ ಸಹಜ. ಎಡಗಣ್ಣು ಪ್ಲಸ್ 5.5. ಮಿದುಳು ಸ್ಪಷ್ಟವಾದ ಬಲಗಣ್ಣನ್ನೇ ಬಳಸಿ ಎಡಗಣ್ಣನ್ನು ಬಿಟ್ಟುಬಿಡುತ್ತಿತ್ತು. ಚಸ್ಮಾ, ಜೊತೆಗೆ ದಿನಕ್ಕೆ ಎರಡು ತಾಸು ಬಲಗಣ್ಣಿಗೆ ಪಟ್ಟಿ.

“ಹೆಣ್ಣಹುಡಿಗಿ, ಈಗಿಂದ ಚಸ್ಮಾ ಹಾಕಿದ್ರ ನಾಳೆ ಯಾರ್ ಮಾಡ್ಕೊಂತಾರ?” ಈ ಮಾತು ಬಂದೇ ಬರುತ್ತದೆ. ಇದಕ್ಕೆ ತಾಯಿಯೇ ಉತ್ತರ ಕೊಟ್ಟಳು: “ಚಸ್ಮಾ ಬ್ಯಾಡಂದ್ರ ಮುಂದ ತಗದಿಡಬಹುದವ್ವಾ. ಕಣ್ಣ ಈಗ ಕಲೀಲಿಲ್ಲಂದ್ರ ಮುಂದ ಕಲಿಯೂದಿಲ್ಲ.”

ಚಸ್ಮಾ ಹೀಗಿರಲಿ: ಸ್ಕ್ರೂ ಇಲ್ಲದ ಮೆತ್ತನೆಯ ಫ್ರೇಮು, ಒಡೆಯದ ಪಾಲಿಕಾರ್ಬೊನೇಟ್ ಗಾಜು, ತಲೆಯ ಹಿಂದೆ ಇಲಾಸ್ಟಿಕ್ ಪಟ್ಟಿ. ಕೂಸು ಕಣ್ಣು ನೆಟ್ಟಾಗ ಪಾಪೆ ಗಾಜಿನ ನಡುವಿರಬೇಕು. ಕೆಳಗೆ ಜಾರಿದರೆ ಮೇಲಿನಿಂದ ನೋಡುತ್ತದೆ, ನಂಬರಿನ ಉಪಯೋಗವಾಗದು. ಎಚ್ಚರವಿರುವಷ್ಟೂ ಹೊತ್ತು ಇರಲಿ. ಎರಡು ವಾರವಾದರೂ ಕಿತ್ತೆಸೆಯುತ್ತಿದ್ದರೆ ಹಟವೆನ್ನುವ ಮೊದಲು ಕಿವಿಯ ಹಿಂದೆ, ಮೂಗಿನ ಮೇಲೆ ಒತ್ತಿದ ಗುರುತು ನೋಡಿ.

ಪಟ್ಟಿ ಚರ್ಮಕ್ಕೆ ಅಂಟಿಸಬೇಕು, ಗಾಜಿಗಲ್ಲ. ಗಾಜಿಗೆ ಅಂಟಿಸಿದರೆ ಪಕ್ಕದಿಂದ ಇಣುಕುತ್ತದೆ. ಅಂಟಿಸುವುದು ಚೆನ್ನಾಗಿ ಕಾಣುವ ಕಣ್ಣಿಗೆ. ಓರೆ ಕಣ್ಣು ಮುಚ್ಚಿಬಿಡುವುದು ಹಿರಿಯರು ಮಾಡುವ ಸಾಮಾನ್ಯ ತಪ್ಪು, ಅದಕ್ಕೇ ಪೊಟ್ಟಣದ ಮೇಲೆ ‘ಬಲ’ ಎಂದು ದೊಡ್ಡದಾಗಿ ಬರೆಸಿದೆವು. ನಿದ್ದೆಯ ಹೊತ್ತು ಲೆಕ್ಕಕ್ಕಿಲ್ಲ. ಬೇಗ ಗುಣವಾಗಲೆಂದು ಎರಡರ ಬದಲು ಆರು ತಾಸು ಕಟ್ಟಲೂಬಾರದು. ಈ ವಯಸ್ಸಿನಲ್ಲಿ ಒಳ್ಳೆಯ ಕಣ್ಣೇ ಮಂಕಾಗಬಹುದು. ಮೂರು ವಾರಕ್ಕೇ ಮರುತಪಾಸಣೆಗೆ ಕರೆದಿರುವುದೂ ಅದಕ್ಕೇ.

ಪಟ್ಟಿ ಕಟ್ಟಿದಾಗ ಅಳು ತಡೆಯಲು ತಂದೆ ಮೊಬೈಲಿನಲ್ಲಿ ಕಾರ್ಟೂನ್ ಹಚ್ಚಿಕೊಡುತ್ತಿದ್ದರು. ಅದನ್ನು ಬಿಡಿಸಿ, ಆ ಎರಡು ತಾಸನ್ನು ಅರ್ಧರ್ಧ ತಾಸಿನ ನಾಲ್ಕು ಕಂತು ಮಾಡಿಕೊಟ್ಟೆವು. ಬೆಳಗಿನ ಎರಡು ಕಂತು ಅಜ್ಜಿಯ ಪಾಲಿಗೆ: ಉಂಡೆದ್ದ ಕೂಸನ್ನು ತೊಡೆಯ ಮೇಲೆ ಕೂರಿಸಿ, ಬಣ್ಣದ ಬಳೆಗಳನ್ನೋ ಸ್ಟೀಲ್ ಚಮಚೆಯನ್ನೋ ಒಂದು ಮೊಳ ದೂರ ಹಿಡಿದು, ಅದು ಕೈ ಚಾಚುವವರೆಗೆ ಕಾಯುವುದು.