ಪಾಯಸ ಕಪ್ಪಾದರೆ ಏನಾಯ್ತು?

ಮೈಸೂರಿನ ಸರಸ್ವತಿಪುರಂನಿಂದ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು. ರಾಸಾಯನಿಕ ಹಾಕಿಲ್ಲ ಅಂತ ಮಂಡ್ಯದ ಕಡೆಯ ಕಪ್ಪು ಬೆಲ್ಲವನ್ನು ಕೆ.ಜಿ.ಗೆ 30 ರೂಪಾಯಿ ಜಾಸ್ತಿ ಕೊಟ್ಟು ತಂದರು. ಯುಗಾದಿಗೆ ಅದರಲ್ಲೇ ಪಾಯಸ ಮಾಡಿದರು. ಪಾಯಸ ಮಣ್ಣಿನ ಬಣ್ಣಕ್ಕೆ ತಿರುಗಿತು, ನೆಂಟರು ಮುಖ ಮುಖ ನೋಡಿಕೊಂಡರು. ಮಗ "ನೀನೊಬ್ಬಳು ಕೊಂಡರೆ ಲೋಕ ಬದಲಾಗುತ್ತಾ ಅಮ್ಮ?" ಅಂದ. ಅದೇ ಬೆಳಿಗ್ಗೆ ಬಾಗಿಲಿಗೆ ಬಂದ ಸೊಪ್ಪಿನವರ ಹತ್ತಿರ ತಾವು 5 ರೂಪಾಯಿಗೆ ಚೌಕಾಸಿ ಮಾಡಿದ್ದು ನೆನಪಾಗಿ ಇವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. "ಒಂದು ಕಡೆ ಧರ್ಮ, ಇನ್ನೊಂದು ಕಡೆ ಜಿಪುಣತನ. ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೇನಾ?" ಎಂದು ಕೇಳಿದ್ದಾರೆ. ಮಳೆಗಾಲದಲ್ಲಿ ಈ ಬೆಲ್ಲ ನೀರು ಬಿಡುತ್ತದೆ, ಏನು ಮಾಡಲಿ ಅಂತ ಕೊನೆಗೊಂದು ಸಾಲು.

ನಮಸ್ಕಾರ ಅಮ್ಮ,

ನಿಮ್ಮ ಪತ್ರ ಓದುವಾಗ ನನಗೆ ಒಂದು ಆಲೆಮನೆ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆ ಅರ್ಧ ದಿನ ಅಲ್ಲಿ ಕೂತಿದ್ದೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಒಲೆಗೆ ಒಣಗಿಸಿದ ಕಬ್ಬಿನ ಸಿಪ್ಪೆ. ಹಾಲು ಕಾದಂತೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಒಬ್ಬರು ಸುಣ್ಣದ ನೀರು ಹಾಕಿ, ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ತೆಗೆದು ತೆಗೆದು ಎಸೆಯುತ್ತಿದ್ದರು. ಹಿಂದೆಲ್ಲ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು, ಈಗಲೂ ಕೆಲವರು ಹಾಕುತ್ತಾರೆ. ಪಾಕ ಹದಕ್ಕೆ ಬರುವ ಹೊತ್ತಿಗೆ ಆಲೆಮನೆಯವರು ಗೂಟಕ್ಕೆ ನೇತುಹಾಕಿದ್ದ ಚೀಲಕ್ಕೆ ಕೈ ಹಾಕಿದರು. ಬಿಳಿ ಪುಡಿ, ಒಂದು ಹಿಡಿ. ಕೊಪ್ಪರಿಗೆಗೆ ಬಿದ್ದಿದ್ದೇ ತಡ, ಕಂದು ಪಾಕ ನನ್ನ ಕಣ್ಣೆದುರೇ ತಿಳಿಯಾಯಿತು. ಗಂಧಕದ ಘಾಟು ಮೂಗಿಗೆ ಬಡಿಯಿತು. ಅದೇ ಹೈಡ್ರೋಸ್, ಬೆಲ್ಲದ ಬಣ್ಣ ತಿಳಿಯಾಗಿಸುವ ರಾಸಾಯನಿಕ.

ಮೂಲೆಯಲ್ಲಿ ಗೋಣಿಚೀಲದ ಮೇಲೆ ಏಳೆಂಟು ಅಚ್ಚು ಬೇರೆ ಇಟ್ಟಿದ್ದರು. ಕಾಫಿಪುಡಿಯ ಬಣ್ಣ. ಇದೇನು ಅಂದೆ.

"ಅದು ಮನೆಗೆ ಸಾರ್. ಅದಕ್ಕೆ ಪುಡಿ ಹಾಕಲ್ಲ."

ಮತ್ತೆ ಮಾರೋದಕ್ಕೆ ಯಾಕೆ ಹಾಕ್ತೀರಿ ಅಂತ ಕೇಳಿದೆ.

"ಇದನ್ನ ಮಂಡಿಗೆ ತಗೊಂಡೋದ್ರೆ ಯಾರೂ ತಿರುಗಿ ನೋಡಲ್ಲ. ಬಣ್ಣ ಇಲ್ಲ ಅಂದ್ರೆ ರೇಟಿಲ್ಲ."

ಮೈಸೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಅವರ ಮೇಲೆ ತುಂಬಾ ಸಿಟ್ಟಿತ್ತು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ನನ್ನ ತಾಯಿ ನೆನಪಾದರು. ಅಂಗಡಿಯಲ್ಲಿ ಬೆಲ್ಲದ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಹಳದಿಯಾದದ್ದನ್ನೇ ಆರಿಸುತ್ತಿದ್ದರು. ಕಪ್ಪಗಿದ್ದರೆ "ಹಳೇ ಸರಕು ಕೊಡ್ತೀಯೇನಪ್ಪ?" ಅಂತ ಅಂಗಡಿಯವರನ್ನು ಗದರುತ್ತಿದ್ದರು. ನಾನೂ ಹಾಗೇ ಕಲಿತೆ. ನಾವು ಅಂಗಡಿಯವರನ್ನು ಗದರಿದೆವು, ಅವರು ಮಂಡಿಯವರನ್ನು ಗದರಿದರು, ಮಂಡಿಯವರು ರೈತನಿಗೆ ರೇಟು ಇಳಿಸಿದರು. ಆ ಚೀಲವನ್ನು ಗೂಟಕ್ಕೆ ನೇತುಹಾಕಿಸಿದ್ದರಲ್ಲಿ ನಮ್ಮ ಕೈಯೂ ಇದೆ ಅಮ್ಮ. ಇದು ನನ್ನನ್ನು ಬಿಡದೆ ಕಾಡುತ್ತದೆ.

ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕೆ.ಜಿ.ಗೆ 70 ಮಿಲಿಗ್ರಾಂ ದಾಟಬಾರದು ಅಂತ ಆಹಾರ ಸುರಕ್ಷತಾ ನಿಯಮ ಇದೆ. ಆದರೆ ಕೊಪ್ಪರಿಗೆಯ ಮುಂದೆ ತಕ್ಕಡಿ ಇರುವುದಿಲ್ಲ, ಹಿಡಿ ಅಳತೆ. ಸಕ್ಕರೆ ಅಗ್ಗವಾದ ಕಾಲದಲ್ಲಿ ಅದನ್ನೇ ಕಬ್ಬಿನ ಹಾಲಿಗೆ ಸುರಿದು ಬೆಲ್ಲ ಮಾಡುವುದೂ ಉಂಟು. ಮಂಡ್ಯದಲ್ಲಿ ಅಧಿಕಾರಿಗಳು ಆಲೆಮನೆಗಳ ಮೇಲೆ ದಾಳಿ ಮಾಡಿದ್ದನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಒಂದು ಕೆ.ಜಿ. ಬೆಲ್ಲಕ್ಕೆ ಹೆಚ್ಚುಕಡಿಮೆ 10 ಕೆ.ಜಿ. ಕಬ್ಬು ಬೇಕು. ಕಡಿಯುವ ಕೂಲಿ, ಸಾಗಿಸುವ ಲಾರಿ, ಬೆಂಕಿಯ ಮುಂದೆ ದಿನವಿಡೀ ನಿಲ್ಲುವವರ ಸಂಬಳ, ಎಲ್ಲ ಲೆಕ್ಕ ಹಾಕಿ. ಬೆಲೆ ತೀರಾ ಕಡಿಮೆ ಇದ್ದರೆ ಆ ದುಡ್ಡು ಎಲ್ಲೋ ಉಳಿದಿರಬೇಕು, ಒಂದೋ ಕೂಲಿಯಲ್ಲಿ, ಇಲ್ಲವೇ ಕಬ್ಬಿನಲ್ಲಿ. ನೀವು ಜಾಸ್ತಿ ಕೊಟ್ಟ 30 ರೂಪಾಯಿ ಶೋಕಿ ಅಲ್ಲ.

ಹಾಗಂತ ಕಪ್ಪಗಿದ್ದದ್ದೆಲ್ಲ ಒಳ್ಳೆಯದು ಅಂತ ನಂಬಬೇಡಿ. ಪಾಕ ಸೀದರೂ ಕಪ್ಪಾಗುತ್ತದೆ. ಚೌಳು ನೆಲದ ಕಬ್ಬಿನ ಬೆಲ್ಲ ಕಪ್ಪಗಿರುತ್ತದೆ, ಉಪ್ಪುಪ್ಪಾಗಿಯೂ ಇರುತ್ತದೆ. ಹೈಡ್ರೋಸ್ ಹಾಕಿದ ಹಳದಿ ಬೆಲ್ಲ ಕೂಡ ಇಟ್ಟರೆ ಬರಬರುತ್ತಾ ಕಪ್ಪಾಗುತ್ತದೆ. ಈಗ ಕಪ್ಪು ಬೆಲ್ಲಕ್ಕೆ ಒಳ್ಳೆ ರೇಟು ಬಂದಿದೆ ಅಂತ ಗೊತ್ತಾದ ಮೇಲೆ ಅದರಲ್ಲೂ ಮೋಸ ಶುರುವಾಗುತ್ತದೆ. ಪ್ಯಾಕೆಟ್ಟಿನ ಮೇಲೆ ಸಾವಯವ ಅಂತ ಹೇಳುವ ಸರ್ಕಾರಿ ಮುದ್ರೆ ಇದ್ದರೆ ಅದೊಂದು ಆಧಾರ. ಸಣ್ಣ ರೈತರು ತಾವೇ ನೇರವಾಗಿ ಮಾರುವಾಗ ಆ ಮುದ್ರೆ ಕಡ್ಡಾಯವಲ್ಲ, ಅಲ್ಲಿ ಮಾತೇ ಆಧಾರ. ಯಾವ ಊರಿನ ಆಲೆಮನೆ, ಕೊಳೆ ತೆಗೆಯಲು ಏನು ಹಾಕಿದರು, ಮನೆಗೂ ಇದೇ ಬೆಲ್ಲವಾ ಅಂತ ಕೇಳಿ. ಕೊನೆಯ ಪ್ರಶ್ನೆಯನ್ನು ತಪ್ಪದೆ ಕೇಳಿ. ಉತ್ತರ ಬರುವ ಮೊದಲು ಮುಖ ಹೇಳಿಬಿಡುತ್ತದೆ.

ನಿಮ್ಮ ಮಗನ ಮಾತು. ಲೋಕ ಬದಲಾಗುವುದಿಲ್ಲ, ನಿಜ. ಕಬ್ಬಿಗೆ ಸರಿಯಾದ ಬೆಲೆ, ಸರಿಯಾದ ತಪಾಸಣೆ, ಇವು ಸರ್ಕಾರ ಮಾಡಬೇಕಾದ ಕೆಲಸ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದ ದಿನಗಳಲ್ಲಿ ಎಷ್ಟೋ ರೈತರಿಗೆ ಆಲೆಮನೆಯೇ ದಿಕ್ಕಾಗಿತ್ತು. ಅಂಥ ರೈತನ ಕಷ್ಟ ನಿಮ್ಮ ಒಂದು ಅಚ್ಚು ಬೆಲ್ಲದಿಂದ ತೀರುವುದಿಲ್ಲ. ಆದರೆ ನಮ್ಮ ಬೀದಿಯ ಅಂಗಡಿಯಲ್ಲಿ ನಾನು ಒಂದು ವರ್ಷ ಕಪ್ಪು ಬೆಲ್ಲ ಕೇಳುತ್ತಲೇ ಇದ್ದೆ. ಆಮೇಲೆ ಪಕ್ಕದ ಮನೆಯವರು ಕೇಳಿದರು, ಎದುರು ಮನೆಯ ಅಜ್ಜಿ ಕೇಳಿದರು. ನಾಲ್ಕನೆಯವರು ಕೇಳಿದ ಮೇಲೆ ಅಂಗಡಿಯವರು ಒಂದು ಬಕೆಟ್ ತರಿಸಿದರು. ಇವತ್ತಿಗೂ ತರಿಸುತ್ತಾರೆ. ಎಲ್ಲೋ ಒಬ್ಬ ಆಲೆಮನೆಯವರು ನಮಗಾಗಿ ತಿಂಗಳಿಗೆ ಒಂದು ಬಕೆಟ್ ಪುಡಿ ಹಾಕದ ಬೆಲ್ಲ ಮಾಡುತ್ತಿದ್ದಾರೆ. ನನಗೆ ಅದು ಸಣ್ಣದು ಅನ್ನಿಸುವುದಿಲ್ಲ.

ಇನ್ನು ಆ 5 ರೂಪಾಯಿ. ನಿಮ್ಮ ನಿದ್ದೆ ಕೆಡಿಸಿದ್ದು ಬೆಲ್ಲ ಅಲ್ಲ, ಇದು. ನಮ್ಮ ಬೀದಿಗೂ ಸೊಪ್ಪಿನವರು ಬರುತ್ತಾರೆ. ಮೊದಲ ಬಸ್ಸಿಗೆ ಊರು ಬಿಡುತ್ತಾರೆ. ದಂಟು, ಕೀರೆ, ಸಬ್ಬಸಿಗೆ, ಮಂಕರಿಯ ಮೇಲೆ ಒದ್ದೆ ಗೋಣಿ. ಏಳು ಗಂಟೆಗೆ ಕಟ್ಟಿಗೆ 20 ರೂಪಾಯಿ ಅಂದವರು, ಬಿಸಿಲೇರಿದ ಮೇಲೆ ತಾವಾಗಿಯೇ 10ಕ್ಕೆ ಇಳಿಯುತ್ತಾರೆ. ಎಲೆ ಬಾಡುತ್ತದೆ, ಇಟ್ಟುಕೊಳ್ಳಲು ಫ್ರಿಜ್ ಇಲ್ಲ, ವಾಪಸ್ ಹೊತ್ತುಕೊಂಡು ಹೋದರೆ ದನಕ್ಕೇ. ಬಿಸಿಲೇ ಅವರ ಜತೆ ದಿನಾ ಚೌಕಾಸಿ ಮಾಡುತ್ತಿರುತ್ತದೆ, ನಾವೂ ಸೇರಿಕೊಳ್ಳುವುದು ಬೇಡ.

ಆದರೆ ಮಾತೇ ಆಡದೆ ದುಡ್ಡು ಕೊಟ್ಟು ಬಾಗಿಲು ಹಾಕಿಕೊಂಡರೆ ಅವರಿಗೂ ಖುಷಿಯಿಲ್ಲ. ನನ್ನ ಹೆಂಡತಿ ಬೆಲೆ ಕೇಳುವುದಿಲ್ಲ, ಕೊಸರು ಕೇಳುತ್ತಾಳೆ. "ಒಂದು ಹಿಡಿ ಕೊತ್ತಂಬರಿ ಹಾಕಕ್ಕ" ಅಂದರೆ ಅವರು ಎರಡು ಹಿಡಿ ಹಾಕುತ್ತಾರೆ. ಅವರ ಮಂಕರಿಯಲ್ಲಿ ಸೊಪ್ಪು ಜಾಸ್ತಿ ಇದೆ, ಸೆರಗಿನ ಗಂಟಿನಲ್ಲಿ ದುಡ್ಡು ಕಡಿಮೆ ಇದೆ. ಇರುವುದನ್ನು ಕೇಳಿದರೆ ಕೊಡುವವರಿಗೆ ಭಾರವಿಲ್ಲ. ನಾಳೆ ಅವರು ಬಂದಾಗ ಆ 5 ರೂಪಾಯಿ ಕೊಟ್ಟುಬಿಡಿ. ಲೆಕ್ಕ ತಪ್ಪಿತ್ತು ಅಂದರೆ ಸಾಕು.

ಬೆಲ್ಲದಲ್ಲಿ ಸರಿ, ಸೊಪ್ಪಿನಲ್ಲಿ ತಪ್ಪು ಅಂದಮಾತ್ರಕ್ಕೆ ಬೆಲ್ಲದ್ದೂ ಸುಳ್ಳಾಗುವುದಿಲ್ಲ ಅಮ್ಮ. ಎಲ್ಲವನ್ನೂ ಒಂದೇ ದಿನ ಸರಿಮಾಡುತ್ತೇನೆ ಅಂತ ಹೊರಟವರು ತಿಂಗಳೊಳಗೆ ಸುಸ್ತಾಗಿ ಎಲ್ಲವನ್ನೂ ಬಿಟ್ಟದ್ದನ್ನು ನೋಡಿದ್ದೇನೆ. ಮಗ ಫೋನಿನಲ್ಲಿ ಸಾಮಾನು ತರಿಸುವುದನ್ನೂ ಬರೆದಿದ್ದೀರಿ. ಅದಕ್ಕೆ ಜಗಳ ಬೇಡ. ದಿನಕ್ಕೆ ಮೂರು ಸಲ ಬದಲು ವಾರಕ್ಕೊಮ್ಮೆ ತರಿಸಲಿ, ತಂದ ಹುಡುಗನಿಗೆ ಒಂದು ಲೋಟ ನೀರು ಕೊಡಲಿ. ಆ ಹುಡುಗರ ಸಾಮಾಜಿಕ ಭದ್ರತೆಗೆ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, ಅದನ್ನೂ ಅವನಿಗೆ ಹೇಳಿ.

ಬೆಲ್ಲ ನೀರು ಬಿಡುವುದಕ್ಕೆ ಗಾಬರಿಯಾಗಬೇಡಿ. ಬೆಲ್ಲ ಮಳೆಗಾಲದ ತೇವ ಬೇಗ ಹೀರುತ್ತದೆ. ಜೂನ್ ಬರುವ ಮೊದಲೇ ಜಜ್ಜಿ, ಬಿಸಿಲಿಗೆ ಒಣಗಿಸಿದ ಗಾಜಿನ ಭರಣಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ. ಒದ್ದೆ ಚಮಚ ಹಾಕಬೇಡಿ. ಮಳೆಗಾಲದಲ್ಲಿ ಅರ್ಧ ಕೆ.ಜಿ.ಗಿಂತ ಜಾಸ್ತಿ ತರಬೇಡಿ. ಸ್ವಲ್ಪ ಕರಗಿದರೂ ಚೆಲ್ಲಬೇಡಿ. ಹುಳಿ ವಾಸನೆ ಬಂದಿಲ್ಲದಿದ್ದರೆ, ಬಿಸಿ ದೋಸೆಯ ಮೇಲೆ ತುಪ್ಪದ ಜತೆ ಅದನ್ನೇ ಹಾಕಿಕೊಡಿ, ಮಗನಿಗೆ.